ಟರ್ಮಿನಲ್‌ನಲ್ಲೇ ಕುಬರ್ನೆಟಿಸ್ ದಾಖಲೆ ಓದುವುದು: ಎಕ್ಸ್‌ಪ್ಲೇನ್ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು?

ತುಂಗಾತೀರ

ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ಗೆ ಮ್ಯಾನಿಫೆಸ್ಟ್ (ಏನು ಬೇಕೆಂದು ಹೇಳುವ ಯಾಮಲ್ ಕಡತ) ಬರೆಯುವಾಗ ಒಂದೊಂದು ಫೀಲ್ಡಿಗೂ ಬ್ರೌಸರ್ ತೆರೆಯುವುದನ್ನು ಬಿಟ್ಟು ಟರ್ಮಿನಲ್‌ನಲ್ಲೇ ದಾಖಲೆ ನೋಡಿಕೊಳ್ಳುವ ಕ್ರಮ ಬೇಕು. ಸರ್ವರ್ 1.29, ಅದರ ಜೊತೆ ಮಾತಾಡುವ ಕ್ಲೈಂಟ್ ಕ್ಯೂಬ್‌ಸಿಟಿಎಲ್ 1.26. ಫೀಲ್ಡಿನ ವಿವರಣೆ ತೋರಿಸುವ ಎಕ್ಸ್‌ಪ್ಲೇನ್ ಕಮಾಂಡಿನ ಮೊದಲ ಪಾಠ ಗೊತ್ತು. ಬಿಡಿಸಲಾಗದ್ದು ಇವು: ಎಫ್‌ಎಸ್‌ಗ್ರೂಪ್ (ವಾಲ್ಯೂಮಿನ ಕಡತಗಳ ಗುಂಪು ಹೇಳುವ ಫೀಲ್ಡ್) ಅನ್ನು ಕಂಟೇನರ್ ಕೆಳಗೆ ಹುಡುಕಿದರೆ ಅಂಥ ಫೀಲ್ಡೇ ಇಲ್ಲ ಅನ್ನುತ್ತದೆ. ಗೇಟ್‌ವೇ ಎಪಿಐಯ ಗೇಟ್‌ವೇ ಬೇಕೆಂದರೆ ಇಸ್ಟಿಯೋ ಎಂಬ ಬೇರೆ ಆ್ಯಡ್‌ಆನ್‌ನದ್ದು ಬರುತ್ತದೆ. ಕೆಲವು ಸಿಆರ್‌ಡಿಗಳಿಗೆ (ಕ್ಲಸ್ಟರಿಗೆ ಹೊಸ ಬಗೆಯ ಸಂಪನ್ಮೂಲ ಸೇರಿಸುವ ವ್ಯಾಖ್ಯೆಗಳಿಗೆ) ವಿವರಣೆಯೇ ಖಾಲಿ. ಇನ್ನೊಂದು, ಎಕ್ಸ್‌ಪ್ಲೇನ್ ತೋರಿಸಿದಂತೆಯೇ ಬರೆದರೂ ಅಪ್ಲೈ ಮಾಡುವಾಗ, ಅಂದರೆ ಸರ್ವರಿಗೆ ಕಳಿಸುವಾಗ, ಅದು ಬೇಡ ಅನ್ನುವುದು ಯಾಕೆ?

ನೋಡ್‌ಕಾವಲು

ಒಂದು ಸೂಚನೆ ಮೊದಲೇ: ಇಲ್ಲಿ ಕಮಾಂಡ್‌ಗಳೆಲ್ಲ ಕನ್ನಡ ಲಿಪಿಯಲ್ಲಿವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಎಕ್ಸ್‌ಪ್ಲೇನ್ ತೋರಿಸುವ ಪಠ್ಯ ಕ್ಯೂಬ್‌ಸಿಟಿಎಲ್ ಒಳಗೆ ಇರುವುದಿಲ್ಲ. ನೀವು ಸಂಪರ್ಕದಲ್ಲಿರುವ ಎಪಿಐ ಸರ್ವರ್ ತನ್ನ ಓಪನ್‌ಎಪಿಐ ಸ್ಕೀಮಾವನ್ನು (ಫೀಲ್ಡ್, ಟೈಪ್, ವಿವರಣೆಗಳ ಪಟ್ಟಿಯನ್ನು) ಪ್ರಕಟಿಸುತ್ತದೆ, ಕ್ಲೈಂಟ್ ಅದನ್ನು ತಂದು ಓದುವ ಹಾಗೆ ಜೋಡಿಸುತ್ತದೆ. ಹಾಗಾಗಿ ಅಲ್ಲಿ ಕಾಣುವುದು ನಿಮ್ಮದೇ ಕ್ಲಸ್ಟರಿನ ಆವೃತ್ತಿ. ವೆಬ್‌ಸೈಟಿನ ದಾಖಲೆಗಿಂತ ಇದನ್ನು ಹೆಚ್ಚು ನೆಚ್ಚಬೇಕಾದ ಕಾರಣ ಇದೊಂದೇ, ಆದರೆ ಬಲವಾದ ಕಾರಣ. ವೆಬ್‌ನಲ್ಲಿ ಮೊದಲು ಸಿಗುವ ಪುಟ ಇತ್ತೀಚಿನ ಬಿಡುಗಡೆಯದ್ದಾಗಿರುತ್ತದೆ, ಇಲ್ಲವೇ ಎಂದೋ ಬರೆದ ಬ್ಲಾಗಿನದ್ದು.

ಎಫ್‌ಎಸ್‌ಗ್ರೂಪ್ ವಿಷಯದಲ್ಲಿ ಎಕ್ಸ್‌ಪ್ಲೇನ್ ಹೇಳಿದ್ದೇ ಸರಿ. ಸೆಕ್ಯುರಿಟಿಕಾಂಟೆಕ್ಸ್ಟ್ ಎಂಬ ಹೆಸರು ಎರಡು ಮಟ್ಟದಲ್ಲಿದೆ, ಎರಡರ ಟೈಪ್ ಬೇರೆ ಬೇರೆ:

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಪಾಡ್.ಸ್ಪೆಕ್.ಸೆಕ್ಯುರಿಟಿಕಾಂಟೆಕ್ಸ್ಟ್
ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಪಾಡ್.ಸ್ಪೆಕ್.ಕಂಟೇನರ್ಸ್.ಸೆಕ್ಯುರಿಟಿಕಾಂಟೆಕ್ಸ್ಟ್

ಮೊದಲನೆಯದರಲ್ಲಿ ಎಫ್‌ಎಸ್‌ಗ್ರೂಪ್ ಇದೆ, ಏಕೆಂದರೆ ವಾಲ್ಯೂಮ್ ಇಡೀ ಪಾಡಿಗೆ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪಿಗೆ) ಸೇರಿದ್ದು. ಎರಡನೆಯದರಲ್ಲಿ ಕೇಪಬಿಲಿಟೀಸ್, ಪ್ರಿವಿಲೆಜ್ಡ್ ಇವೆ, ಅವು ಪ್ರೊಸೆಸ್ಸಿಗೆ ಸೇರಿದವು. ರನ್‌ಆ್ಯಸ್‌ಯೂಸರ್ ಎರಡೂ ಕಡೆ ಉಂಟು, ಎರಡೂ ಕಡೆ ಬರೆದರೆ ಕಂಟೇನರಿನದ್ದೇ ನಡೆಯುತ್ತದೆ. ಫಲಿತಾಂಶದ ಮೇಲ್ಸಾಲಿನಲ್ಲಿ ಫೀಲ್ಡಿನ ಹೆಸರಿನ ಪಕ್ಕ ಕೋನಾಕಾರದ ಕಂಸದಲ್ಲಿ ಟೈಪ್ ಇರುತ್ತದೆ. ಕಣ್ಣು ಮೊದಲು ಅಲ್ಲಿಗೆ ಹೋಗಲಿ.

ದಾರಿ ಬರೆಯುವಾಗ ಮುಗ್ಗರಿಸುವ ಜಾಗಗಳೂ ಇವೆ. ಪಟ್ಟಿಗೆ ಸೂಚ್ಯಂಕ ಬೇಡ. ಜೇಸನ್‌ಪಾತ್ ಅಭ್ಯಾಸದಿಂದ ಕಂಟೇನರ್ಸ್[0] ಎಂದು ಹೊಡೆದರೆ ಕೆಲಸ ಮಾಡುವುದಿಲ್ಲ, ಕಂಟೇನರ್ಸ್.ಎನ್ವ್ ಎಂದರೆ ಸಾಕು. ಫೀಲ್ಡಿನ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಬಾರದು. ಸರ್ವಿಸ್‌ಅಕೌಂಟ್‌ನೇಮ್ ಎನ್ನುವಲ್ಲಿ ಅಕೌಂಟ್, ನೇಮ್ ಎರಡರ ಮೊದಲಕ್ಷರವೂ ದೊಡ್ಡದು. ಟೈಪ್ ಮ್ಯಾಪ್ ಎಂದಿದ್ದರೆ, ಲೇಬಲ್ಸ್ ಅಥವಾ ನೋಡ್‌ಸೆಲೆಕ್ಟರ್ ಥರ, ಅಲ್ಲಿಗೆ ದಾರಿ ಮುಗಿಯಿತು, ಅದರ ಕೆಳಗಿನ ಕೀಲಿಗಳು ನೀವಿಟ್ಟವು.

ಯಾಮಲ್ ಸಾಲು

ಗೇಟ್‌ವೇ ಗೊಂದಲಕ್ಕೆ ನನ್ನ ಉತ್ತರ. ಎಕ್ಸ್‌ಪ್ಲೇನ್‌ಗೆ ಹೋಗುವ ಮೊದಲು ಇದನ್ನು ಓಡಿಸಿ:

ಕ್ಯೂಬ್‌ಸಿಟಿಎಲ್ ಎಪಿಐ-ರಿಸೋರ್ಸಸ್ | ಗ್ರೆಪ್ -ಐ ಗೇಟ್‌ವೇ

ಹೆಸರು, ಚಿಕ್ಕ ಹೆಸರು, ಎಪಿಐ ಆವೃತ್ತಿ, ನೇಮ್‌ಸ್ಪೇಸಿಗೆ ಸೇರಿದ್ದೇ ಅಲ್ಲವೇ, ಕೈಂಡ್ ಎಂಬ ಐದು ಅಂಕಣ ಬರುತ್ತವೆ. ನಿಮ್ಮಲ್ಲಿ ಎರಡು ಸಾಲಿನಲ್ಲಿ ಗೇಟ್‌ವೇ ಇರುತ್ತದೆ: ಒಂದು ನೆಟ್‌ವರ್ಕಿಂಗ್.ಇಸ್ಟಿಯೋ.ಐಒ ಗುಂಪಿನದು, ಇನ್ನೊಂದು ಗೇಟ್‌ವೇ.ನೆಟ್‌ವರ್ಕಿಂಗ್.ಕೆ8ಎಸ್.ಐಒ ಗುಂಪಿನದು. ಗುಂಪು ಹೇಳದೆ ಕೇಳಿದರೆ ಕ್ಲೈಂಟ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಆ ಆಯ್ಕೆಯನ್ನು ನಂಬಿ ಕೂರಬೇಡಿ, ಗುಂಪು ಹೇಳಿಬಿಡಿ:

ಕ್ಯೂಬ್‌ಸಿಟಿಎಲ್ ಎಕ್ಸ್‌ಪ್ಲೇನ್ ಗೇಟ್‌ವೇ.ಸ್ಪೆಕ್.ಲಿಸನರ್ಸ್ --ಎಪಿಐ-ವರ್ಷನ್=ಗೇಟ್‌ವೇ.ನೆಟ್‌ವರ್ಕಿಂಗ್.ಕೆ8ಎಸ್.ಐಒ/ವಿ1

ಇಲ್ಲಿ ಬರೀ ವಿ1 ಎಂದು ಕೊಟ್ಟರೆ ಅದು ಕೋರ್ ಗುಂಪು ಎಂದಾಗುತ್ತದೆ. ಓರೆಗೆರೆಯ ಎಡಕ್ಕೆ ಗುಂಪು, ಬಲಕ್ಕೆ ಆವೃತ್ತಿ, ಎರಡೂ ಬೇಕು. ಹೊಸ ಕ್ಲೈಂಟ್‌ಗಳು ಸಂಪನ್ಮೂಲದ ಹೆಸರಿಗೇ ಚುಕ್ಕೆ ಹಾಕಿ ಗುಂಪು ಸೇರಿಸಿದರೂ ಅರ್ಥ ಮಾಡಿಕೊಳ್ಳುತ್ತವೆ. ಹಳೆಯವು ಮೊದಲ ಚುಕ್ಕೆಯ ಆಚೆಗಿನದನ್ನೆಲ್ಲ ಫೀಲ್ಡ್ ಎಂದು ಓದಿ ದೂರು ಹೇಳುತ್ತವೆ.

ಕೆನೇಟಿವ್ ಎಂಬ ಆ್ಯಡ್‌ಆನ್ ಹಾಕಿರುವ ಕ್ಲಸ್ಟರಿನಲ್ಲೂ ಇದೇ ಕಥೆ, ಅಲ್ಲಿ ಸರ್ವಿಸ್ ಎರಡು. ಈವೆಂಟ್ಸ್ ಅಂತೂ ಯಾವ ಆ್ಯಡ್‌ಆನ್ ಇಲ್ಲದಿದ್ದರೂ ಎರಡು ಗುಂಪಿನಲ್ಲಿರುತ್ತದೆ.

ಬಯಲುಸೀಮೆ

ಆವೃತ್ತಿಯ ಮಾತು ಬಂತಲ್ಲ, ಎಚ್‌ಪಿಎ (ಪಾಡ್‌ಗಳ ಸಂಖ್ಯೆಯನ್ನು ತಾನೇ ಏರಿಳಿಸುವ ಸಂಪನ್ಮೂಲ) ಇದಕ್ಕೆ ಚೆನ್ನಾದ ಪಾಠ. ಆಟೋಸ್ಕೇಲಿಂಗ್/ವಿ1 ನಲ್ಲಿ ಸ್ಪೆಕ್ ಕೆಳಗೆ ಅಳತೆಗೆ ಇರುವುದು ಸಿಪಿಯು ಶೇಕಡಾವಾರು ಗುರಿ ಒಂದೇ. ಮೆಟ್ರಿಕ್ಸ್, ಬಿಹೇವಿಯರ್ ಎರಡೂ ವಿ2 ನಲ್ಲಿವೆ. ವಿ2 ಸ್ಥಿರವಾದದ್ದು 1.23 ರಲ್ಲಿ, ವಿ2ಬೀಟಾ2 ತೆಗೆದುಹಾಕಿದ್ದು 1.26 ರಲ್ಲಿ. ಹಳೆಯ ಉದಾಹರಣೆ ಅಂಟಿಸಿದವರಿಗೆ ಆಗ ಬರುವ ತಪ್ಪು ಸಂದೇಶ ಫೀಲ್ಡಿನದ್ದಲ್ಲ, ಆ ಆವೃತ್ತಿಯ ಕೈಂಡೇ ಇಲ್ಲ ಎನ್ನುವುದು. ಫೀಲ್ಡ್ ಹುಡುಕುತ್ತ ಕೂರುವ ಮೊದಲು ಮ್ಯಾನಿಫೆಸ್ಟಿನ ಮೊದಲ ಸಾಲು ನೋಡಿ. ಕ್ಯೂಬ್‌ಸಿಟಿಎಲ್ ಎಪಿಐ-ವರ್ಷನ್ಸ್ ಎಂದರೆ ಸರ್ವರ್ ಒಪ್ಪುವ ಗುಂಪು–ಆವೃತ್ತಿಗಳಷ್ಟೇ ಪಟ್ಟಿಯಾಗಿ ಬರುತ್ತವೆ.

ಹೊರಗಿನ ಎಚ್‌ಟಿಟಿಪಿ ಕೋರಿಕೆಗಳನ್ನು ಸರ್ವಿಸ್‌ಗೆ ಕಳಿಸುವ ಇಂಗ್ರೆಸ್ ಕೂಡ ಹಾಗೆಯೇ. 1.22 ರಲ್ಲಿ ಬೀಟಾ ಆವೃತ್ತಿಗಳು ಹೋದವು, ಜೊತೆಗೆ ಆಕಾರವೂ ಬದಲಾಯಿತು. ಬ್ಯಾಕೆಂಡ್ ಕೆಳಗೆ ನೇರ ಸರ್ವಿಸ್‌ನೇಮ್ ಇದ್ದದ್ದು ಈಗ ಸರ್ವಿಸ್.ನೇಮ್, ಸರ್ವಿಸ್.ಪೋರ್ಟ್.ನಂಬರ್ ಎಂದು ಒಂದು ಮಟ್ಟ ಕೆಳಗಿಳಿದಿದೆ, ಪಾತ್‌ಟೈಪ್ ಕಡ್ಡಾಯವಾಗಿದೆ. ಇಂಥಲ್ಲಿ ನೆನಪಿನ ಮೇಲೆ ಬರೆಯದೆ ಇಂಗ್.ಸ್ಪೆಕ್.ರೂಲ್ಸ್.ಎಚ್‌ಟಿಟಿಪಿ.ಪಾತ್ಸ್ ಎಂದು ಒಮ್ಮೆ ಕೇಳುವುದು ಕ್ಷೇಮ.

ತುಂಗಾತೀರ

ಎಪಿಐ-ರಿಸೋರ್ಸಸ್ ಓಡಿಸಿದೆ, ನೀವು ಹೇಳಿದಂತೆ ಎರಡು ಸಾಲು ಬಂದವು. ಧನ್ಯವಾದ. ಇನ್ನೊಂದು: ಜೊತೆಗಾರರ ಯಂತ್ರದಲ್ಲಿ ಇಮೇಜ್‌ಪುಲ್‌ಪಾಲಿಸಿ ಕೇಳಿದರೆ ಈನಮ್ (ಒಪ್ಪುವ ಬೆಲೆಗಳ ಪಟ್ಟಿ) ಎಂಬ ಸಾಲು ಬೇರೆಯಾಗಿ ಕಾಣುತ್ತದೆ, ನನ್ನಲ್ಲಿ ಇಲ್ಲ. ಸರ್ವರ್ ಒಂದೇ.

ನೋಡ್‌ಕಾವಲು

ಅದು ಕ್ಲೈಂಟಿನ ವ್ಯತ್ಯಾಸ. 1.27 ರಿಂದ ಎಕ್ಸ್‌ಪ್ಲೇನ್ ಮೊದಲ ಆಯ್ಕೆಯಾಗಿ ಓಪನ್‌ಎಪಿಐ ಮೂರನೇ ಆವೃತ್ತಿಯನ್ನು ಓದುತ್ತದೆ, ನಿಮ್ಮ 1.26 ಎರಡನೆಯದನ್ನು ಓದುತ್ತಿದೆ. ಎರಡನೆಯದಕ್ಕೆ ಇಳಿಸುವಾಗ ಸಿಆರ್‌ಡಿ ಸ್ಕೀಮಾದ ಕೆಲವು ಮಾಹಿತಿ ಉದುರಿಹೋಗುತ್ತದೆ: ನಲ್ಲೆಬಲ್, ಒನ್‌ಆಫ್, ಎನಿಆಫ್ ಮುಂತಾದವನ್ನು ಆ ರೂಪ ಹಿಡಿದಿಡಲಾರದು. ಅದರ ಮೇಲೆ, ಕ್ಯೂಬ್‌ಸಿಟಿಎಲ್ ಸರ್ವರಿಗಿಂತ ಒಂದು ಮೈನರ್ ಆವೃತ್ತಿ ಹಿಂದೆ ಅಥವಾ ಮುಂದೆ ಇರಬಹುದು ಅನ್ನುವುದು ಅಧಿಕೃತ ಮಿತಿ, ನಿಮ್ಮದು ಮೂರು ಹಿಂದಿದೆ. ಮೊದಲು ಅದನ್ನು ಸರಿಪಡಿಸಿ. ಹೊಸ ಕ್ಲೈಂಟಿನಲ್ಲಿ ಹಳೆಯ ಥರ ನೋಡಬೇಕಾದರೆ --ಔಟ್‌ಪುಟ್=ಪ್ಲೇನ್‌ಟೆಕ್ಸ್ಟ್-ಓಪನ್‌ಎಪಿಐವಿ2 ಇದೆ.

ಹೆಲ್ಮ್ ಹಿಡಿದವರು

ಸಿಆರ್‌ಡಿ ವಿವರಣೆ ಖಾಲಿ ಬರುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ನೋಡಿದರೆ ಒಂದೇ ಥರ ಕಂಡರೂ ಪರಿಹಾರ ಬೇರೆ.

ಸ್ಕೀಮಾದಲ್ಲಿ ಎಕ್ಸ್-ಕುಬರ್ನೆಟಿಸ್-ಪ್ರಿಸರ್ವ್-ಅನ್‌ನೋನ್-ಫೀಲ್ಡ್ಸ್ ಎಂಬುದು ಟ್ರೂ ಆಗಿದ್ದು ಅದರ ಕೆಳಗೆ ಏನನ್ನೂ ಬರೆದಿರದಿದ್ದರೆ, ಆ ಮಟ್ಟದಿಂದ ಕೆಳಗೆ ಏನು ಬರೆದರೂ ಸರ್ವರ್ ಒಪ್ಪಿಕೊಳ್ಳುತ್ತದೆ, ಏನೆಂದು ಅದಕ್ಕೂ ಗೊತ್ತಿಲ್ಲ. ಎಕ್ಸ್‌ಪ್ಲೇನ್ ಆಬ್ಜೆಕ್ಟ್ ಎಂದಷ್ಟೇ ಹೇಳಿ ನಿಲ್ಲುತ್ತದೆ. ಇಲ್ಲಿ ಆಪರೇಟರಿನ (ಆ ಸಿಆರ್‌ಡಿಯನ್ನು ಬಳಸಿ ಕೆಲಸ ಮಾಡುವ ತಂತ್ರಾಂಶದ) ದಾಖಲೆಯೇ ಗತಿ. ಅಪಾಯ ಇರುವುದೂ ಇಲ್ಲೇ: ಕಾಗುಣಿತ ತಪ್ಪಿದ ಫೀಲ್ಡನ್ನೂ ಸರ್ವರ್ ಸದ್ದಿಲ್ಲದೆ ಇಟ್ಟುಕೊಳ್ಳುತ್ತದೆ.

ಎರಡನೆಯದು, ಫೀಲ್ಡ್‌ಗಳ ಹೆಸರು, ಟೈಪ್ ಎಲ್ಲ ಬರುತ್ತವೆ, ವಿವರಣೆ ಮಾತ್ರ ಇಲ್ಲ. ಬೇಕೆಂದೇ ತೆಗೆದಿರುತ್ತಾರೆ. ಗೋ ಕೋಡಿನಿಂದ ಸಿಆರ್‌ಡಿ ತಯಾರಿಸುವ ಕಂಟ್ರೋಲರ್-ಜೆನ್‌ನಲ್ಲಿ ಮ್ಯಾಕ್ಸ್‌ಡೆಸ್ಕ್‌ಲೆನ್=0 ಕೊಟ್ಟರೆ ವಿವರಣೆಗಳಿಲ್ಲದ ಸಿಆರ್‌ಡಿ ಹುಟ್ಟುತ್ತದೆ. ಯಾಕೆ ತೆಗೆಯುತ್ತಾರೆ ಎಂದರೆ ಗಾತ್ರ. ಸಾಮಾನ್ಯ ಅಪ್ಲೈ, ಕೊಟ್ಟ ಮ್ಯಾನಿಫೆಸ್ಟನ್ನು ಇಡಿಯಾಗಿ ಲಾಸ್ಟ್-ಅಪ್ಲೈಡ್-ಕಾನ್ಫಿಗರೇಷನ್ ಎಂಬ ಅನೋಟೇಷನ್‌ನಲ್ಲಿ ತುಂಬಿಸುತ್ತದೆ. ಅನೋಟೇಷನ್‌ಗಳ ಒಟ್ಟು ಮಿತಿ 262144 ಬೈಟ್. ಪ್ರೊಮಿಥಿಯಸ್ ಆಪರೇಟರಿನಂಥ ದೊಡ್ಡ ಸಿಆರ್‌ಡಿಗಳು ವಿವರಣೆ ಸಮೇತ ಈ ಮಿತಿ ದಾಟುತ್ತವೆ, ಅಪ್ಲೈ ಬೀಳುತ್ತದೆ. ಪರಿಹಾರ ವಿವರಣೆ ಕತ್ತರಿಸುವುದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಸರ್ವರ್-ಸೈಡ್ ಅಪ್ಲೈ ಆ ಅನೋಟೇಷನ್ ಬರೆಯುವುದೇ ಇಲ್ಲ:

ಕ್ಯೂಬ್‌ಸಿಟಿಎಲ್ ಅಪ್ಲೈ --ಸರ್ವರ್-ಸೈಡ್ -ಎಫ್ ಸಿಆರ್‌ಡಿ.ಯಾಮಲ್

ನೀವೇ ಆಪರೇಟರ್ ಬರೆಯುವವರಾದರೆ ದಯವಿಟ್ಟು ವಿವರಣೆ ಉಳಿಸಿ. ಗೋ ಸ್ಟ್ರಕ್ಟಿನ ಫೀಲ್ಡಿನ ಮೇಲೆ ನೀವು ಬರೆಯುವ ಕಾಮೆಂಟೇ ಎಕ್ಸ್‌ಪ್ಲೇನ್‌ನಲ್ಲಿ ಪಠ್ಯವಾಗಿ ಬರುತ್ತದೆ. ನಡುರಾತ್ರಿ ಕ್ಲಸ್ಟರ್ ಕೆಟ್ಟು ಕೂತವರಿಗೆ ಆ ಎರಡು ಸಾಲು ದೊಡ್ಡ ಉಪಕಾರ.

ಮೂರನೆಯದು, ಕ್ಲಸ್ಟರಿನಲ್ಲಿರುವುದು ಹಳೆಯ ಸಿಆರ್‌ಡಿ. ಪ್ಯಾಕೇಜ್ ಸಾಧನವಾದ ಹೆಲ್ಮ್, ಚಾರ್ಟಿನ ಸಿಆರ್‌ಡಿಎಸ್ ಕಡತಕೋಶದಲ್ಲಿರುವುದನ್ನು ಮೊದಲ ಇನ್‌ಸ್ಟಾಲ್‌ನಲ್ಲಿ ಮಾತ್ರ ಹಾಕುತ್ತದೆ, ಅಪ್‌ಗ್ರೇಡ್‌ನಲ್ಲಿ ಮುಟ್ಟುವುದಿಲ್ಲ. ಆಪರೇಟರ್ ಹೊಸದು, ಸ್ಕೀಮಾ ಹಳೆಯದು, ಹೊಸ ಫೀಲ್ಡ್ ಎಕ್ಸ್‌ಪ್ಲೇನ್‌ನಲ್ಲಿ ಇಲ್ಲ. ಸಿಆರ್‌ಡಿಯನ್ನು ಬೇರೆಯಾಗಿ ಅಪ್ಲೈ ಮಾಡಿ.

ಎಟ್ಸಿಡಿ ಓದುಗ

ತುಂಗಾತೀರ ಅವರ ಮೊದಲ ಬರಹದ ಕೊನೆಯ ಪ್ರಶ್ನೆ, ಎಕ್ಸ್‌ಪ್ಲೇನ್ ತೋರಿಸಿದಂತೆ ಬರೆದರೂ ಸರ್ವರ್ ಯಾಕೆ ಒಪ್ಪದು ಎಂಬುದು, ನಿಜಕ್ಕೂ ಮುಖ್ಯವಾದದ್ದು, ಅದಕ್ಕೆ ಯಾರೂ ಕೈಹಾಕಿಲ್ಲ. ಎಕ್ಸ್‌ಪ್ಲೇನ್ ಹೇಳುವುದು ಟೈಪಿನ ಆಕಾರ. ಸರ್ವರ್ ಒಪ್ಪುವುದು ಆಕಾರದ ಮೇಲೆ ನಿಯಮಗಳನ್ನೂ ನೋಡಿ. ಈ ಎರಡರ ನಡುವಿನ ಅಂತರ ಎಲ್ಲೆಲ್ಲಿದೆ ಎಂದು ತಿಳಿದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ರಿಕ್ವೈರ್ಡ್ ಎಂಬ ಗುರುತನ್ನೇ ತೆಗೆದುಕೊಳ್ಳಿ. ಕಂಟೇನರಿನಲ್ಲಿ ನೇಮ್‌ಗೆ ಆ ಗುರುತಿದೆ, ಇಮೇಜ್‌ಗೆ ಇಲ್ಲ. ಇಮೇಜ್ ಇಲ್ಲದ ಪಾಡನ್ನು ಸರ್ವರ್ ತೆಗೆದುಕೊಳ್ಳುತ್ತದೆಯೇ? ಇಲ್ಲ. ಮೇಲಿನ ಹಂತದ ಸಂರಚನಾ ಸಾಧನಗಳು ಇಮೇಜನ್ನು ಆಮೇಲೆ ತುಂಬಲಿ ಎಂದು ಸ್ಕೀಮಾದಲ್ಲಿ ಐಚ್ಛಿಕವಾಗಿಟ್ಟಿದ್ದಾರೆ. ಇಮೇಜ್ ಫೀಲ್ಡಿನ ವಿವರಣೆಯನ್ನು ಪೂರ್ತಿ ಓದಿದರೆ ಈ ಮಾತು ಅಲ್ಲೇ ಇದೆ.

ರೀಸ್ಟಾರ್ಟ್‌ಪಾಲಿಸಿ ಇನ್ನೂ ಸ್ಪಷ್ಟ. ಡಿಪ್ಲಾಯ್.ಸ್ಪೆಕ್.ಟೆಂಪ್ಲೇಟ್.ಸ್ಪೆಕ್.ರೀಸ್ಟಾರ್ಟ್‌ಪಾಲಿಸಿ ಕೇಳಿ: ಆಲ್ವೇಸ್, ಆನ್‌ಫೇಲ್ಯೂರ್, ನೆವರ್ ಮೂರೂ ಬರುತ್ತವೆ. ಪಾಡ್‌ಗಳನ್ನು ಸದಾ ಓಡಿಸುವ ಡಿಪ್ಲಾಯ್‌ಮೆಂಟ್ ಒಪ್ಪುವುದು ಆಲ್ವೇಸ್ ಮಾತ್ರ. ಓಡಿ ಮುಗಿಯುವ ಕೆಲಸಕ್ಕಿರುವ ಜಾಬ್ ಆದರೆ ಉಳಿದೆರಡನ್ನು ಮಾತ್ರ ಒಪ್ಪುತ್ತದೆ, ಏನೂ ಬರೆಯದೆ ಬಿಟ್ಟರೆ ಡೀಫಾಲ್ಟ್ ಆಲ್ವೇಸ್ ಆಗಿ ಜಾಬ್ ತಿರಸ್ಕಾರವಾಗುತ್ತದೆ. ಕಾರಣ, ಪಾಡ್‌ಸ್ಪೆಕ್ ಎಂಬ ಒಂದೇ ಟೈಪನ್ನು ಡಿಪ್ಲಾಯ್‌ಮೆಂಟ್, ಸ್ಟೇಟ್‌ಫುಲ್‌ಸೆಟ್, ಡೀಮನ್‌ಸೆಟ್, ಜಾಬ್ ಎಲ್ಲವೂ ಹಂಚಿಕೊಳ್ಳುತ್ತವೆ, ಯಾರ ಕೈಯಲ್ಲಿದೆ ಎಂಬುದು ಟೈಪಿಗೆ ತಿಳಿಯದು. ಹಾಗಾಗಿ ಒಂದು ಮಟ್ಟ ಮೇಲೆ ಹೋಗಿ ಓದುವ ಅಭ್ಯಾಸ ಇರಲಿ. ಈಚಿನ ಆವೃತ್ತಿಗಳಲ್ಲಿ ಡಿಪ್ಲಾಯ್.ಸ್ಪೆಕ್.ಟೆಂಪ್ಲೇಟ್ ವಿವರಣೆಯಲ್ಲೇ ಆಲ್ವೇಸ್ ಮಾತ್ರ ನಡೆಯುತ್ತದೆ ಎಂದು ಬರೆದಿದ್ದಾರೆ.

ಕಂಟೇನರಿನ ಆರೋಗ್ಯ ಪರೀಕ್ಷಿಸುವ ಪ್ರೋಬ್‌ಗಳ ಸಕ್ಸಸ್‌ಥ್ರೆಶೋಲ್ಡ್ ಕೂಡ ಇಂಥದ್ದೇ. ರೆಡಿನೆಸ್‌ಗೆ ಎಷ್ಟಾದರೂ ಇಡಬಹುದು, ಲೈವ್‌ನೆಸ್ ಮತ್ತು ಸ್ಟಾರ್ಟಪ್‌ಗೆ 1 ಅಲ್ಲದೆ ಬೇರೆ ನಡೆಯದು. ಇದು ವಿವರಣೆಯಲ್ಲಿದೆ. ಉಳಿದ ಡೀಫಾಲ್ಟ್‌ಗಳೂ ಅಲ್ಲಿವೆ: ಪೀರಿಯಡ್ 10 ಸೆಕೆಂಡ್, ಟೈಮ್‌ಔಟ್ 1 ಸೆಕೆಂಡ್, ಫೇಲ್ಯೂರ್‌ಥ್ರೆಶೋಲ್ಡ್ 3. ಟೈಮ್‌ಔಟ್ 1 ಸೆಕೆಂಡ್ ಎಂಬುದನ್ನು ಗಮನಿಸದೆ, ನಿಧಾನವಾಗಿ ಉತ್ತರಿಸುವ ಹೆಲ್ತ್ ಪುಟಕ್ಕೆ ಲೈವ್‌ನೆಸ್ ಪ್ರೋಬ್ ಕಟ್ಟಿದರೆ, ಆರೋಗ್ಯವಾಗಿರುವ ಕಂಟೇನರ್ ಮತ್ತೆ ಮತ್ತೆ ಮರುಪ್ರಾರಂಭವಾಗುತ್ತದೆ.

ಬದಲಾಯಿಸಬಾರದ ಫೀಲ್ಡ್‌ಗಳ ವಿಷಯದಲ್ಲಿ ಎಕ್ಸ್‌ಪ್ಲೇನ್ ಬಹುಪಾಲು ಮೌನ. ಡಿಪ್ಲಾಯ್‌ಮೆಂಟಿನ ಸೆಲೆಕ್ಟರ್, ಸ್ಟೇಟ್‌ಫುಲ್‌ಸೆಟ್ಟಿನ ವಾಲ್ಯೂಮ್‌ಕ್ಲೇಮ್‌ಟೆಂಪ್ಲೇಟ್ಸ್ ಒಮ್ಮೆ ಇಟ್ಟರೆ ತಿದ್ದಲಾಗದು.

ಎಲ್ಲಕ್ಕಿಂತ ಮೋಸ ಹೋಗುವುದು ಫೀಚರ್ ಗೇಟ್‌ಗಳಲ್ಲಿ (ಸೌಲಭ್ಯಗಳನ್ನು ತೆರೆದು ಮುಚ್ಚುವ ಸ್ವಿಚ್‌ಗಳಲ್ಲಿ). ಗೇಟ್ ಮುಚ್ಚಿದ್ದರೂ ಕುಬರ್ನೆಟಿಸ್‌ನಲ್ಲೇ ಇರುವ ಟೈಪ್‌ಗಳ ಆಲ್ಫಾ (ಪ್ರಯೋಗ ಹಂತದ) ಫೀಲ್ಡ್ ಎಕ್ಸ್‌ಪ್ಲೇನ್‌ನಲ್ಲಿ ಕಾಣುತ್ತದೆ. ನೀವು ಬರೆದು ಅಪ್ಲೈ ಮಾಡಿದರೆ ತಪ್ಪೆಂದು ಹೇಳದೆ ಸರ್ವರ್ ಆ ಫೀಲ್ಡನ್ನು ಕಿತ್ತು ಉಳಿದದ್ದನ್ನು ಉಳಿಸಿಕೊಳ್ಳಬಹುದು. ವಿವರಣೆಯಲ್ಲಿ ಆಲ್ಫಾ ಎಂದೋ ಯಾವುದೋ ಗೇಟಿನ ಹೆಸರೋ ಕಂಡರೆ, ಅಪ್ಲೈ ಆದಮೇಲೆ ಗೆಟ್ -ಓ ಯಾಮಲ್ ಮಾಡಿ ಫೀಲ್ಡ್ ಉಳಿದಿದೆಯೇ ನೋಡಿ.

ನಿಯಮಗಳನ್ನು ಪರೀಕ್ಷಿಸಲು ಈ ಕಮಾಂಡಿಗೆ ಸಮ ಇಲ್ಲ:

ಕ್ಯೂಬ್‌ಸಿಟಿಎಲ್ ಅಪ್ಲೈ -ಎಫ್ ಕಡತ.ಯಾಮಲ್ --ಡ್ರೈ-ರನ್=ಸರ್ವರ್ --ವ್ಯಾಲಿಡೇಟ್=ಸ್ಟ್ರಿಕ್ಟ್

ಅಡ್ಮಿಷನ್ ವೆಬ್‌ಹುಕ್ (ಕೋರಿಕೆ ಒಪ್ಪುವ ಮೊದಲು ಸರ್ವರ್ ಕೇಳುವ ಹೊರಗಿನ ಪರೀಕ್ಷೆ) ಸಮೇತ ಎಲ್ಲ ಹಂತ ದಾಟಿ, ಕ್ಲಸ್ಟರಿನ ದತ್ತಸಂಗ್ರಹವಾದ ಎಟ್ಸಿಡಿಗೆ ಬರೆಯುವ ಹೆಜ್ಜೆಯೊಂದನ್ನು ಬಿಡುತ್ತದೆ. ಡ್ರೈ-ರನ್=ಕ್ಲೈಂಟ್ ಇದರ ಬದಲಿ ಅಲ್ಲ, ಅದು ಸರ್ವರಿನ ನಿಯಮಗಳನ್ನು ಕೇಳುವುದೇ ಇಲ್ಲ.

ಯಾಮಲ್ ಸಾಲು

ಮೇಲಿನ ಮಾತಿಗೆ ಒಂದು ಸೇರ್ಪಡೆ: ಸಿಆರ್‌ಡಿಗಳಲ್ಲಿ ಎಕ್ಸ್-ಕುಬರ್ನೆಟಿಸ್-ವ್ಯಾಲಿಡೇಷನ್ಸ್ ಎಂದು ಸಿಇಎಲ್ ಎಂಬ ಪುಟ್ಟ ಭಾಷೆಯಲ್ಲಿ ನಿಯಮ ಬರೆದಿರುತ್ತಾರೆ. 1.29 ರಲ್ಲಿ ಇದು ಸ್ಥಿರ. ಗೇಟ್‌ವೇ ಎಪಿಐಯಲ್ಲಿ ಇವು ಸಾಕಷ್ಟಿವೆ, ಎಕ್ಸ್‌ಪ್ಲೇನ್ ಇವನ್ನು ಪಟ್ಟಿಮಾಡಿ ಕೊಡುವುದಿಲ್ಲ. ಸಿಆರ್‌ಡಿಯನ್ನೇ ತೆರೆದು ನೋಡಬೇಕು (ಗ್ರೆಪ್‌ನ -ಎ ದೊಡ್ಡಕ್ಷರದ್ದು):

ಕ್ಯೂಬ್‌ಸಿಟಿಎಲ್ ಗೆಟ್ ಸಿಆರ್‌ಡಿ ಗೇಟ್‌ವೇಸ್.ಗೇಟ್‌ವೇ.ನೆಟ್‌ವರ್ಕಿಂಗ್.ಕೆ8ಎಸ್.ಐಒ -ಓ ಯಾಮಲ್ | ಗ್ರೆಪ್ -ಎ 8 ವ್ಯಾಲಿಡೇಷನ್ಸ್

ರೂಲ್, ಮೆಸೇಜ್ ಎರಡೂ ಜೊತೆಗೆ ಬರುತ್ತವೆ. ಮೆಸೇಜ್ ಎಂದರೆ ನಿಯಮ ಮುರಿದಾಗ ನಿಮಗೆ ಕಾಣುವ ತಪ್ಪು ಸಂದೇಶವೇ. ತಪ್ಪು ಸಂದೇಶ ಹಿಡಿದು ಹಿಂದಕ್ಕೆ ಹೋಗುವುದಕ್ಕೂ ಇದು ದಾರಿ. ಡೀಫಾಲ್ಟ್ ಬೆಲೆಗಳಿಗೂ ಇದೇ ಜಾಗ, ವಿವರಣೆಯಲ್ಲಿ ಬರೆಯಲು ಮರೆತಿದ್ದರೂ ಸ್ಕೀಮಾದ ಡೀಫಾಲ್ಟ್ ಸಾಲಿನಲ್ಲಿ ಇರುತ್ತದೆ.

ತುಂಗಾತೀರ

ಫೀಲ್ಡಿನ ಹೆಸರು ಅರ್ಧ ನೆನಪಿದೆ, ಯಾವ ಮಟ್ಟದಲ್ಲಿದೆ ತಿಳಿಯದು ಎಂದಾಗ? --ರಿಕರ್ಸಿವ್ ಹಾಕಿ ಗ್ರೆಪ್ ಮಾಡಿದರೆ ಸಾಲು ಸಿಗುತ್ತದೆ, ದಾರಿ ಸಿಗುವುದಿಲ್ಲ.

ಬಯಲುಸೀಮೆ

ರಿಕರ್ಸಿವ್ ಕೊಡುವುದು ಹೆಸರು, ಟೈಪ್ ಮತ್ತು ಒಳಸರಿತ ಮಾತ್ರ, ವಿವರಣೆ ಇಲ್ಲ. ಹಾಗಾಗಿ ಗ್ರೆಪ್ ಬದಲು ಲೆಸ್‌ಗೆ ಕೊಟ್ಟು ಓರೆಗೆರೆ ಒತ್ತಿ ಹುಡುಕಿ, ಅಲ್ಲಿಂದ ಮೇಲಕ್ಕೆ ಸರಿದು ಒಳಸರಿತ ಕಡಿಮೆಯಾಗುವ ಸಾಲುಗಳನ್ನು ಪೋಣಿಸಿದರೆ ಅದೇ ದಾರಿ. ಪೂರ್ತಿ ಪಾಡ್ ಬದಲು ಪಾಡ್.ಸ್ಪೆಕ್.ಅಫಿನಿಟಿ ಎಂದು ಕೊಂಬೆ ಹಿಡಿದು ರಿಕರ್ಸಿವ್ ಮಾಡಿದರೆ ಓದಲು ಸಾಧ್ಯವಾದಷ್ಟು ಬರುತ್ತದೆ.

ಗ್ರೆಪ್‌ನ ದೊಡ್ಡ ಅಪಾಯ ಒಂದೇ ಹೆಸರು ಎರಡು ಕಡೆ ಇರುವುದು. ಜಾಬ್ ರಿಕರ್ಸಿವ್‌ನಲ್ಲಿ ಆ್ಯಕ್ಟಿವ್‌ಡೆಡ್‌ಲೈನ್‌ಸೆಕೆಂಡ್ಸ್ ಎರಡು ಸಲ ಸಿಗುತ್ತದೆ. ಜಾಬ್.ಸ್ಪೆಕ್ ಕೆಳಗಿನದು ಇಡೀ ಜಾಬಿನ ಗಡುವು, ಮೀರಿದರೆ ಜಾಬೇ ಸೋತಿತೆಂದು ಲೆಕ್ಕ. ಟೆಂಪ್ಲೇಟ್.ಸ್ಪೆಕ್ ಕೆಳಗಿನದು ಒಂದೊಂದು ಪಾಡಿನ ಗಡುವು, ಪಾಡ್ ಸತ್ತರೂ ಬ್ಯಾಕ್‌ಆಫ್‌ಲಿಮಿಟ್ ಮುಗಿಯುವ ತನಕ, ಅಂದರೆ ಡೀಫಾಲ್ಟ್ ಆಗಿ 6 ಮರುಪ್ರಯತ್ನದವರೆಗೆ, ಜಾಬ್ ಹೊಸ ಪಾಡ್ ಹುಟ್ಟಿಸುತ್ತದೆ. ತಪ್ಪಾದ ಮಟ್ಟದಲ್ಲಿ ಬರೆದರೆ ಸರ್ವರ್ ಚಕಾರ ಎತ್ತುವುದಿಲ್ಲ, ಎರಡೂ ಸರಿಯಾದ ಫೀಲ್ಡ್‌ಗಳೇ.

ಪ್ಲಗಿನ್ ಹಾಕಲು ಅಡ್ಡಿ ಇಲ್ಲದಿದ್ದರೆ ಕ್ರೂ ಎಂಬ ಪ್ಲಗಿನ್ ಸಾಧನದ ಮೂಲಕ ಎಕ್ಸ್‌ಪ್ಲೋರ್ ಹಾಕಿಕೊಳ್ಳಿ. ಅರ್ಧ ಹೆಸರು ಹೊಡೆದರೆ ಹೊಂದುವ ದಾರಿಗಳನ್ನೆಲ್ಲ ತೋರಿಸಿ, ಆರಿಸಿದ್ದರ ವಿವರಣೆ ಕೊಡುತ್ತದೆ.

ನೋಡ್‌ಕಾವಲು

ಹಕ್ಕುಗಳ ಬಗ್ಗೆ ಯಾರಾದರೂ ಕೇಳುವ ಮೊದಲೇ: ಎಕ್ಸ್‌ಪ್ಲೇನ್ ಓಡಿಸಲು ಪಾಡ್ ನೋಡುವ ಅನುಮತಿ ಬೇಕಿಲ್ಲ. ಸಿಸ್ಟಮ್:ಡಿಸ್ಕವರಿ ಎಂಬ ಕ್ಲಸ್ಟರ್‌ರೋಲ್ ಲಾಗಿನ್ ಆದ ಎಲ್ಲರಿಗೂ ಓಪನ್‌ಎಪಿಐ ಓದಲು ಬಿಡುತ್ತದೆ. ಬಿಗಿ ಮಾಡುವ ಭರದಲ್ಲಿ ಯಾರಾದರೂ ಆ ಬೈಂಡಿಂಗ್ ತೆಗೆದಿದ್ದರೆ ಮಾತ್ರ ನಿಷಿದ್ಧ ಎಂದು ಬರುತ್ತದೆ. ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್-ಐ ಗೆಟ್ /ಓಪನ್‌ಎಪಿಐ/ವಿ3 ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಎಕ್ಸ್‌ಪ್ಲೇನ್ ಉತ್ತರದ ಮೇಲೆ ಮೆಟ್ರಿಕ್ಸ್.ಕೆ8ಎಸ್.ಐಒ ಹೆಸರಿನ ತಪ್ಪು ಸಾಲುಗಳು ಬಂದರೆ ಎಕ್ಸ್‌ಪ್ಲೇನ್ ಕೆಟ್ಟಿಲ್ಲ, ಮೆಟ್ರಿಕ್ಸ್ ಸರ್ವರ್ ಬಿದ್ದಿದೆ. ಕ್ಯೂಬ್‌ಸಿಟಿಎಲ್ ಗೆಟ್ ಎಪಿಐಸರ್ವಿಸ್ ಎಂದು ನೋಡಿ, ಅವೈಲಬಲ್ ಅಂಕಣದಲ್ಲಿ ಫಾಲ್ಸ್ ಇರುವುದನ್ನು ಹಿಡಿಯಿರಿ. ಉದಾಸೀನ ಬೇಡ, ನೇಮ್‌ಸ್ಪೇಸ್ ಅಳಿಸುವಾಗ ಟರ್ಮಿನೇಟಿಂಗ್‌ನಲ್ಲೇ ಸಿಕ್ಕಿಕೊಳ್ಳುವುದಕ್ಕೂ ಇದೇ ಕಾರಣವಾಗಬಹುದು.

ತುಂಗಾತೀರ

ಕ್ಲೈಂಟ್ 1.29 ಕ್ಕೆ ಏರಿಸಿದೆ, ಈನಮ್ ಸಾಲು ಬಂತು. ಕೊನೆಯ ಪ್ರಶ್ನೆ: ನಿಜವಾದ ಕ್ಲಸ್ಟರ್ ಸಂಪರ್ಕ ಇಲ್ಲದೆ, ಪ್ರಯಾಣದಲ್ಲಿ, ಇದೇ ದಾಖಲೆ ಓದಲು ದಾರಿ?

ಹೆಲ್ಮ್ ಹಿಡಿದವರು

ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಇದ್ದರೆ ಕೈಂಡ್ ಎಂಬ ಸಾಧನದಿಂದ (ಮ್ಯಾನಿಫೆಸ್ಟಿನ ಕೈಂಡ್ ಬೇರೆ) ಒಂದೇ ನೋಡಿನ ಕ್ಲಸ್ಟರ್ ಎಬ್ಬಿಸಿ. ಸರ್ವರಿನ ಮೈನರ್ ಆವೃತ್ತಿಗೆ ಹೊಂದುವ ಕೈಂಡೆಸ್ಟ್/ನೋಡ್ ಇಮೇಜನ್ನು --ಇಮೇಜ್ ಮೂಲಕ ಕೊಡುವುದು ಮುಖ್ಯ, ಇಲ್ಲವಾದರೆ ಬೇರೆ ಆವೃತ್ತಿಯ ಸ್ಕೀಮಾ ಓದುತ್ತೀರಿ. ನೆಟ್ ಇರುವಾಗಲೇ ಇಮೇಜ್ ಇಳಿಸಿಟ್ಟುಕೊಳ್ಳಿ. ಆಪರೇಟರ್ ಓಡಿಸುವ ಅಗತ್ಯ ಇಲ್ಲ, ಸಿಆರ್‌ಡಿ ಮಾತ್ರ ಹಾಕಿದರೆ ಎಕ್ಸ್‌ಪ್ಲೇನ್ ಉತ್ತರಿಸುತ್ತದೆ. ಸಿಆರ್‌ಡಿಯನ್ನು ಯೋಜನೆಯ ಅದೇ ಬಿಡುಗಡೆಯ ಕಡತದಿಂದ ತೆಗೆದುಕೊಳ್ಳಿ. ಓಡುತ್ತಿರುವ ಕ್ಲಸ್ಟರಿನಿಂದ ಗೆಟ್ ಮಾಡಿದ ಪ್ರತಿಯಲ್ಲಿ ಯುಐಡಿ, ರಿಸೋರ್ಸ್‌ವರ್ಷನ್ ಅಂಟಿಕೊಂಡಿದ್ದು ಹೊಸ ಕ್ಲಸ್ಟರ್ ಅದನ್ನು ತಿರಸ್ಕರಿಸಬಹುದು.

ಡಾಕರ್ ಬೇಡವಾದರೆ ಕಚ್ಚಾ ಸ್ಕೀಮಾವನ್ನೇ ಉಳಿಸಿಟ್ಟುಕೊಳ್ಳಬಹುದು:

ಕ್ಯೂಬ್‌ಸಿಟಿಎಲ್ ಗೆಟ್ --ರಾ /ಓಪನ್‌ಎಪಿಐ/ವಿ3/ಎಪಿಐಎಸ್/ಆ್ಯಪ್ಸ್/ವಿ1 > ಆ್ಯಪ್ಸ್.ಜೇಸನ್

ಕೋರ್ ಗುಂಪಿಗೆ ದಾರಿ ಬೇರೆ, /ಓಪನ್‌ಎಪಿಐ/ವಿ3/ಎಪಿಐ/ವಿ1. ಕಡತದ ಒಳಗೆ ಕಾಂಪೊನೆಂಟ್ಸ್.ಸ್ಕೀಮಾಸ್ ಕೆಳಗೆ ಒಂದೊಂದು ಟೈಪೂ ಪೂರ್ತಿ ಹೆಸರಿನಲ್ಲಿರುತ್ತದೆ, ಜೇಸನ್ ಸೋಸುವ ಸಾಧನವಾದ ಜೆಕ್ಯುನಿಂದ ಪ್ರಾಪರ್ಟೀಸ್ ತೆಗೆದು ಓದಿ. ಕ್ಲಸ್ಟರ್ ಅಪ್‌ಗ್ರೇಡ್ ಮಾಡುವ ಮೊದಲು ಒಂದು ಪ್ರತಿ, ಆದಮೇಲೆ ಒಂದು ಪ್ರತಿ ಇಟ್ಟುಕೊಂಡು ಜೆಕ್ಯು -ಎಸ್ ಹಾಕಿ ಕೀಲಿಗಳನ್ನು ವಿಂಗಡಿಸಿ ಡಿಫ್ ಮಾಡಿದರೆ, ಯಾವ ಫೀಲ್ಡ್ ಹೊಸದಾಗಿ ಬಂತು, ಯಾವ ವಿವರಣೆ ಬದಲಾಯಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಜೆಕ್ಯು ಮುಂದಿನ -ಎಸ್ ಎಂದರೆ ಇಲ್ಲಿ ದೊಡ್ಡಕ್ಷರದ್ದು, ಸಣ್ಣಕ್ಷರದ್ದಕ್ಕೆ ಬೇರೆ ಅರ್ಥ.